ಮೊದಲ ನಗುವಿನ ಉಪ್ಪು

ಮಗುವನ್ನು ನಗಿಸಬೇಕೆಂದು ನಾನು ಅವತ್ತು ಹೋಗಿರಲಿಲ್ಲ. ಹೋದದ್ದು ನೀರಿಗೆ. ಚಿಕ್ಕಮ್ಮನ ಮನೆಯ ಹಿಂದಿನ ಕಣಿವೆಯಲ್ಲಿರುವ ಒರತೆಯಿಂದ ಆರು ಬಾಟಲಿ ನೀರು ತುಂಬಿ, ಮೇಲೆ ತಾರೀಖು ಬರೆದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಸಂಜೆಯೊಳಗೆ ಪೇಟೆಯ ಕಾಲೇಜಿನ ಪ್ರಯೋಗಾಲಯಕ್ಕೆ ಮುಟ್ಟಿಸುವುದಷ್ಟೇ ನನ್ನ ಕೆಲಸ. ಅಷ್ಟನ್ನು ಮಾಡಿಕೊಂಡು ಬಾಯಿ ಮುಚ್ಚಿಕೊಂಡು ಬಂದಿದ್ದರೆ ಈ ಕಥೆ ಹೇಳುವ ಗ್ರಹಚಾರ ನನಗೆ ಬರುತ್ತಿರಲಿಲ್ಲ.

ನನ್ನ ಹೆಸರು ಎಲ್ವೀನಾ ಬಿಟ್ಸಿಲ್ಲಿ. ನಾವು ಈ ನೆಲದ ಮೂಲನಿವಾಸಿಗಳು. ಹೊರಗಿನವರು ನಮ್ಮನ್ನು ನವಾಹೋ ಎನ್ನುತ್ತಾರೆ, ನಾವು ದಿನೆ ಎಂದುಕೊಳ್ಳುತ್ತೇವೆ. ಒಂದು ಕಾಲದಲ್ಲಿ ಬಾಂಬಿಗೆ ಬೇಕೆಂದು ನಮ್ಮ ಗುಡ್ಡಗಳನ್ನು ಬಗೆದು ಯುರೇನಿಯಂ ಹೊತ್ತುಕೊಂಡು ಹೋದರು. ಹೋಗುವಾಗ ತೋಡಿದ ಗುಂಡಿ ಮುಚ್ಚುವ ಸೌಜನ್ಯವನ್ನೂ ತೋರಿಸಲಿಲ್ಲ. ಯುರೇನಿಯಂ ಬೆರೆತ ಆ ಹಳದಿ ಮಣ್ಣು ಇವತ್ತಿಗೂ ಯಾವ ಬಾವಿಗೆ ಇಳಿದಿದೆ, ಯಾವುದಕ್ಕೆ ಇಳಿದಿಲ್ಲ ಎಂದು ನೋಡುವುದಕ್ಕೇ ನಾನು ಇಪ್ಪತ್ತು ವರ್ಷ ಓದಿದ್ದು. ನಮ್ಮ ಜನ ನನ್ನ ಡಾಕ್ಟರೇಟಿಗೆ ಕವಡೆ ಕಿಮ್ಮತ್ತು ಕೊಡದೆ ‘ನೀರಮ್ಮ’ ಎಂದು ಕರೆಯುತ್ತಾರೆ. ಕರೆಯಲಿ. ಅದರಲ್ಲಿ ನನಗೇನೂ ಬೇಜಾರಿಲ್ಲ.

ಮೇ ತಿಂಗಳ ಆ ಭಾನುವಾರ ಚಿಕ್ಕಮ್ಮನ ಕಿರಿ ಮಗಳು ಲೊರಿಂಡಾ ತನ್ನ ಮೂರು ತಿಂಗಳ ಕೂಸನ್ನು ತೊಟ್ಟಿಲ ಹಲಗೆಗೆ ಕಟ್ಟಿ ಜುನಿಪರ್ ಮರದ ನೆರಳಲ್ಲಿ ಒರಗಿಸಿದ್ದಳು. ಕೂಸಿನ ಹೆಸರು ಶಾಂದೀನ್. ಹುಬ್ಬು ಗಂಟಿಕ್ಕಿಕೊಂಡು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ನಾನು ಕೆಲಸ ಮುಗಿಸಿ ಕೈಯಿಂದ ನೀಲಿ ರಬ್ಬರ್ ಗವಸು ಬಿಚ್ಚಿದೆ. ಯಾಕೆ ಹಾಗೆ ಮಾಡಿದೆನೋ, ಅದಕ್ಕೆ ಗಾಳಿ ಊದಿದೆ. ಐದು ಮೊಲೆಯ ಕೆಚ್ಚಲಿನಂತೆ ಅದು ಉಬ್ಬಿಕೊಂಡಿತು. ಬಾಯಿಂದ ತೆಗೆದದ್ದೇ ತಡ, ಕೈ ಜಾರಿ ‘ಪುರ್ರ್’ ಎಂದು ಕೂಗುತ್ತಾ ಹಾರಿ ಹೋಗಿ ಕುರಿನಾಯಿಯ ಮೂಗಿಗೆ ಬಡಿಯಿತು.

ಕೂಸು ಕಿಲಕಿಲನೆ ನಕ್ಕಿತು.

“ಅಮ್ಮಾ! ನಕ್ಕಳು! ಬೇಗ ಬಾರಮ್ಮಾ, ನಕ್ಕಳು!” ಎಂದು ಲೊರಿಂಡಾ ಕೂಗಿಕೊಂಡಳು.

ಚಿಕ್ಕಮ್ಮ ಕುರಿದೊಡ್ಡಿಯಿಂದ ಓಡಿ ಬಂದಳು. ನಾನಾಬಾ ಅವಳ ಹೆಸರು. ಅರವತ್ತಾರು ವಯಸ್ಸು, ಓಡಿದರೆ ಈಗಲೂ ಮೇಕೆಯನ್ನು ಹಿಡಿಯುತ್ತಾಳೆ. “ಯಾರೇ ನಗ್ಸಿದ್ದು?”

“ಇವಳೇ, ಎಲ್ವೀನಾ ಅಕ್ಕ.”

ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಹೋಗಿ ಹೋಗಿ ಈ ಸಿಡುಕಿ ಕೈಗೇ ಸಿಗಬೇಕಾ ನನ್ನ ಮೊಮ್ಮಗಳ ನಗು! ಇನ್ನೇನು, ಅದೂ ನಿನ್ನ ಹಾಗೇ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಕೊಂಡು ಬೆಳೆಯುತ್ತೆ.”

“ಬುದ್ಧಿನೂ ನನ್ನ ಹಾಗೇ ಬರುತ್ತೆ ಬಿಡು,” ಎಂದೆ.

“ಬುದ್ಧಿ ಇದ್ದಿದ್ರೆ ಬಾಟ್ಲಿಲಿ ನೀರು ಹಿಡ್ಕೊಂಡು ಊರೂರು ತಿರುಗ್ತಿದ್ಯಾ? ಮದ್ವೆ ಊಟ ಅಂತೂ ಹಾಕ್ಸಲಿಲ್ಲ ನೀನು. ಇದನ್ನಾದ್ರೂ ಹಾಕ್ಸು. ಶನಿವಾರ. ಕುರಿ ನಿಂದು.”

ನಮ್ಮಲ್ಲಿ ಕೂಸನ್ನು ಮೊದಲ ಸಲ ಯಾರು ನಗಿಸುತ್ತಾರೋ ಅವರು ಊಟ ಹಾಕಬೇಕು. ಊಟಕ್ಕೆ ಮೊದಲು ಕೂಸಿನ ಅಂಗೈಯಲ್ಲಿ ಕಲ್ಲುಪ್ಪಿಟ್ಟು, ಬಂದವರಿಗೆಲ್ಲ ಅದರ ಕೈಯಿಂದಲೇ ಕೊಡಿಸಬೇಕು. ಕೂಸು ಜಿಪುಣಿಯಾಗದೆ, ತನ್ನಲ್ಲಿದ್ದದ್ದನ್ನು ಹಂಚಿ ತಿನ್ನುವ ಮನುಷ್ಯಳಾಗಲಿ ಎಂದು. ನಗಿಸಿದವರ ಗುಣವೇ ಕೂಸಿಗೆ ಬರುತ್ತದೆ ಎಂಬ ಮಾತೂ ಇದೆ. ಆ ದಿನ ಯಾರೂ ಸಿಟ್ಟಾಗಬಾರದು, ಕೊಡುವಾಗ ಯಾರೂ ಕೈ ಬಿಗಿ ಹಿಡಿಯಬಾರದು, ಕೆಟ್ಟ ಸುದ್ದಿ ಬಾಯಿಗೆ ಬರಬಾರದು.

ಗುರುವಾರ ಫಲಿತಾಂಶ ಬಂತು. ಯಂತ್ರ ಒಂದೊಂದೇ ಸಂಖ್ಯೆ ಉಗುಳುತ್ತಿತ್ತು. ಯುರೇನಿಯಂ ಲೀಟರಿಗೆ ಮೂವತ್ತು ಮೈಕ್ರೋಗ್ರಾಂವರೆಗೆ ಇದ್ದರೆ ಕುಡಿಯಬಹುದು ಎನ್ನುವುದು ಲೆಕ್ಕ. ಮೊದಲು ಬಂದದ್ದು ಚಿಕ್ಕಮ್ಮನ ಮನೆಯಿಂದ ಆರು ಮೈಲಿ ಆಚೆಗಿರುವ ಅಟ್ಟಕಾಯ್ ಮನೆಯವರ ಗಾಳಿಯಂತ್ರದ ಬಾವಿ. ಅದರಲ್ಲಿ ನಾಲ್ಕು. ಚೊಕ್ಕ ನೀರು. ಆ ಬಾವಿಯ ಮೇಲೆ ನನಗೆ ಯಾವಾಗಲೂ ಅನುಮಾನವಿತ್ತು, ಯಾಕೆಂದರೆ ನೀರಿಗೆ ತುಕ್ಕಿನ ವಾಸನೆ. ಆಮೇಲೆ ಬಂದದ್ದು ಚಿಕ್ಕಮ್ಮನ ಒರತೆ.

ನೂರಾ ಹದಿನಾಲ್ಕು.

ಯಂತ್ರ ಕೆಟ್ಟಿದೆ ಎಂದುಕೊಂಡೆ. ಮತ್ತೆ ಹಾಕಿದೆ. ನೂರಾ ಹದಿನಾರು ಬಂತು. ಇನ್ನೊಂದು ಬಾಟಲಿಯದು ಹಾಕಿದೆ, ನೂರಾ ಹದಿಮೂರು. ಹತ್ತು ದಾಟಬಾರದ ಆರ್ಸೆನಿಕ್ ನಲವತ್ತೊಂದಿತ್ತು. ಆ ಒರತೆಯ ನೀರು ಕನ್ನಡಿಯಂತಿದೆ, ಬೇಸಗೆಯಲ್ಲೂ ಹಲ್ಲು ಜುಮ್ಮೆನ್ನುವಷ್ಟು ತಂಪು. ಚಿಕ್ಕಮ್ಮ ದಿನಾ ಸೂರ್ಯ ಹುಟ್ಟುವಾಗ ಅಲ್ಲಿಗೆ ಹೋಗಿ ಚಿಟಿಕೆ ಮೆಕ್ಕೆಜೋಳದ ಪರಾಗ ಅರ್ಪಿಸಿ ಬರುತ್ತಾಳೆ. ನನ್ನ ಅಮ್ಮ ಮೂತ್ರಪಿಂಡ ಹೋಗಿ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಆಮೇಲೆ ಚಿಕ್ಕಮ್ಮ ನನ್ನನ್ನು ಸಾಕಿದ್ದು ಆ ನೀರು ಕುಡಿಸಿಯೇ. ಲೊರಿಂಡಾಳಿಗೆ ಎದೆಹಾಲು ಸಾಲದೆ ಶಾಂದೀನಳ ಬಾಟಲಿಗೆ ಹಾಲಿನ ಪುಡಿ ಕಲಸುತ್ತಿದ್ದದ್ದೂ ಅದರಲ್ಲೇ.

ಆ ಕ್ಷಣವೇ ಗಾಡಿ ಹತ್ತಿ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಶುಕ್ರವಾರ ಕುರಿ ಕೊಳ್ಳಬೇಕು, ಹಿಟ್ಟು ತರಬೇಕು ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ಹಬ್ಬ ಮುಗಿಯಲಿ, ಕೂಸಿನ ಮೊದಲ ನಗುವಿನ ಮೇಲೆ ಈ ಮಾತು ಬೀಳುವುದು ಬೇಡ ಎಂದುಕೊಂಡೆ. ಎರಡು ದಿನದಲ್ಲಿ ಏನೂ ಆಗುವುದಿಲ್ಲ. ಅದು ನಿಜವೇ, ರಸಾಯನಶಾಸ್ತ್ರ ಓದಿದವಳಿಗೆ ಅದು ಗೊತ್ತು. ಆದರೆ ನಿಜವಾದ ಕಾರಣ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು.

ಶನಿವಾರ ಪಿಕಪ್ ಗಾಡಿಯಲ್ಲಿ ಒಂದು ದೊಡ್ಡ ಪೀಪಾಯಿ ತುಂಬ ಪೇಟೆ ನೀರು ಹೇರಿಕೊಂಡು ಹೋದೆ. ಇವತ್ತಿನ ಅಡಿಗೆಯಾದರೂ ಇದರಲ್ಲಿ ಆಗಲಿ ಎಂಬುದು ನನ್ನ ಜಾಣತನ.

ಚಿಕ್ಕಮ್ಮ ಪೀಪಾಯಿಯನ್ನು ನೋಡಿ ನಕ್ಕುಬಿಟ್ಟಳು. “ಇದ್ಯಾಕೆ ತಂದೆ? ಮನೇಲಿ ಒರತೆ ಇಟ್ಕೊಂಡು ನನ್ನ ಮೊಮ್ಮಗಳ ಊಟಕ್ಕೆ ಔಷಧಿ ವಾಸನೆ ನೀರಾ? ಕುರಿ ತೊಟ್ಟಿಗೆ ಸುರಿ ಹೋಗು.”

“ತಂದದ್ದಾಯ್ತಲ್ಲ ಚಿಕ್ಕಮ್ಮ, ಸಾರಿಗಾದ್ರೂ ಹಾಕೋಣ.”

“ನೋಡು, ಇವತ್ತು ನಾನು ಸಿಟ್ಟಾಗಬಾರ್ದು. ಸಿಟ್ಟು ಬರಿಸ್ಬೇಡ.”

ಪೇಟೆ ನೀರನ್ನು ಕುರಿಗಳು ಕುಡಿದವು. ಒರತೆಯ ನೀರಲ್ಲಿ ಮಾಂಸದ ಸಾರು ಕುದಿಯಿತು, ಹಿಟ್ಟು ಕಲಸಿ ರೊಟ್ಟಿ ಕರಿದದ್ದೂ ಆಯಿತು, ಎರಡು ಕೊಳಗ ಕಾಫಿ ಕಾಯಿತು. ನಲವತ್ತು ಜನ ಬಂದಿದ್ದರು. ಅಟ್ಟಕಾಯ್ ಮನೆಯಿಂದ ಹಾಸ್ಕೀ ತಾತ, ಅವನ ಹೆಂಡತಿ, ಐದು ತಿಂಗಳ ಗಂಡು ಕೂಸನ್ನು ಎತ್ತಿಕೊಂಡ ಸೊಸೆ ಡೆಲೋರಾ, ಇನ್ನಿಬ್ಬರು ಮೊಮ್ಮಕ್ಕಳು, ಎಲ್ಲರೂ ಬಂದಿದ್ದರು. ನಾನು ಶಾಂದೀನಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಪುಟ್ಟ ಮುಷ್ಟಿ ಬಿಡಿಸಿ ಉಪ್ಪಿಟ್ಟು, ಒಬ್ಬೊಬ್ಬರ ಅಂಗೈಗೂ ಉದುರಿಸುತ್ತಾ ಹೋದೆ. ಕೊನೆಗೆ ನನ್ನ ನಾಲಿಗೆಗೂ ಒಂದು ಹರಳು. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಎಲ್ಲರೂ ಕುಡಿದರು.

ನಾನು ಕುಡಿಯಲಿಲ್ಲ.

“ಹೊಟ್ಟೆ ಯಾಕೋ ಸರಿಯಿಲ್ಲ,” ಎಂದು ಹೇಳಿ ಗಾಡಿಯಲ್ಲಿದ್ದ ಡಬ್ಬಿಯ ಕಿತ್ತಳೆ ಶರಬತ್ತು ತಂದುಕೊಂಡೆ. ಸಾರನ್ನು ತಟ್ಟೆಯಲ್ಲೇ ಕಲಕಿ ಬಿಟ್ಟೆ. ಚಿಕ್ಕಮ್ಮ ಸುಮ್ಮನಿರುವ ಪೈಕಿಯೇ? ಗುಡ್ಡದ ಗಿಡದ ಸೊಪ್ಪು ಹಾಕಿ, ಹೊಟ್ಟೆಗೆ ಒಳ್ಳೆಯದೆಂದು ಚಹಾ ಕಾಸಿ ತಂದು ಕೈಗಿಟ್ಟಳು. “ಬಿಸಿಬಿಸಿ ಕುಡಿ, ಪಾಪ, ಮುಖ ಹೇಗೆ ಬಿಳುಚಿಕೊಂಡಿದೆ ನೋಡು.” ಅವಳು ಅತ್ತ ತಿರುಗಿದ ಮೇಲೆ ಜುನಿಪರ್ ಮರದ ಬುಡಕ್ಕೆ ಚೆಲ್ಲಿದೆ. ಪಕ್ಕದಲ್ಲೇ ಲೊರಿಂಡಾ ಕೂತು ಕೂಸಿಗೆ ಬಾಟಲಿಯ ಹಾಲು ಕುಡಿಸುತ್ತಿದ್ದಳು. ನಾನು ಅದನ್ನು ನೋಡಲಾರದೆ ಕುರಿದೊಡ್ಡಿಯ ಕಡೆ ಹೋದೆ.

ಸೋಮವಾರ ಹೇಳಲು ಹೋದೆ. ಹೇಳಿಯೂ ಹೇಳಿದೆ, ನಮ್ಮವರು ಹೇಳುವ ರೀತಿಯಲ್ಲಿ. ನಮ್ಮಲ್ಲಿ ಕೆಟ್ಟದ್ದನ್ನು ಎದುರಿಗಿದ್ದವರ ಮೇಲೆ ಹೊರಿಸಿ ಹೇಳುವುದಿಲ್ಲ. ‘ನಿನಗೆ ಹೀಗಾಗುತ್ತದೆ’ ಎಂದರೆ ಆಗಲಿ ಎಂದು ಕರೆದ ಹಾಗೆ. ಹಿರಿಯರ ಮುಂದಂತೂ ಬಾಯಿಬಿಟ್ಟು ಅನ್ನುವಂತಿಲ್ಲ. ಎಲ್ಲೋ ಯಾರಿಗೋ ಆದದ್ದೆಂದು ಹೇಳಬೇಕು, ಕೇಳಿದವರು ತಮಗೆ ತಕ್ಕದ್ದನ್ನು ತಾವೇ ತೆಗೆದುಕೊಳ್ಳುತ್ತಾರೆ. ಆಸ್ಪತ್ರೆಯ ಹೊಸ ಡಾಕ್ಟರುಗಳಿಗೆ ಈ ಪಾಠ ಹೇಳಿಕೊಡುವವಳೂ ನಾನೇ.

ಚಿಕ್ಕಮ್ಮ ಬಾಗಿಲಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ.

“ಚಿಕ್ಕಮ್ಮ, ಒಂದು ಕಡೆ ಒಬ್ಬ ಅಜ್ಜಿ ಇದಾಳೆ. ಅವಳ ಮನೆ ಹತ್ರ ನೀರಿದೆ.”

“ಹೂಂ.”

“ನಂಬಿಕೊಂಡು ತುಂಬ ವರ್ಷದಿಂದ ಕುಡೀತಿದಾರೆ. ಆದ್ರೆ ಅದ್ರೊಳಗೆ ಗಣಿಯ ಹಳದಿ ಮಣ್ಣು ಇಳಿದಿದೆ. ಅಂಥ ನೀರು ಕುಡಿದ್ರೆ ಮನುಷ್ಯರ ಮೂತ್ರಪಿಂಡ ಹೋಗುತ್ತೆ. ಆ ಅಜ್ಜಿ ಜಾಣೆ ಆಗಿದ್ರೆ ಬೇರೆ ಕಡೆಯಿಂದ ನೀರು ತರಿಸ್ಕೋತಾಳೆ.”

ಉಣ್ಣೆ ಹಿಂಜುವ ಕೈ ನಿಂತಿತು. “ಮನೇಲಿ ಮಕ್ಕಳಿದಾರಾ?”

“ಇದಾರೆ. ಒಂದು ಎಳೆ ಕೂಸೂ ಇದೆ. ಬಾಟ್ಲಿ ಹಾಲು.”

“ಅಯ್ಯೋ ಪಾಪ!” ಎಂದಳು. ಗುಡ್ಡದ ಕಡೆ ನೋಡಿದಳು. ಆಮೇಲೆ ನನ್ನ ಮಂಡಿಯ ಮೇಲೆ ಕೈಯಿಟ್ಟಳು. “ನೀನು ಇದನ್ನ ಹೇಗೆ ಹೇಳೋದು ಅಂತ ಒದ್ದಾಡ್ತಿದ್ದೆ ಅಂತ ನನಗೆ ಗೊತ್ತು ಮಗಳೇ. ಶನಿವಾರನೇ ನಿನ್ನ ಮುಖ ನೋಡ್ದೆ. ನೀನಿನ್ನು ಚಿಂತೆ ಬಿಡು. ನನಗೆ ಅರ್ಥ ಆಯ್ತು. ನಾನು ನೋಡ್ಕೋತೀನಿ.”

ಎದೆಯ ಮೇಲಿನ ಬಂಡೆ ಇಳಿಯಿತು. ಅಬ್ಬ, ಎಷ್ಟು ಸುಲಭವಾಗಿ ಮುಗಿಯಿತು! ನಿನಗೆ ಏನು ಅರ್ಥವಾಯಿತು ಎಂದು ನಾನು ಇನ್ನೊಂದು ಮಾತು ಕೇಳಿದ್ದರೆ ಗೊತ್ತಾಗುತ್ತಿತ್ತು. ಕೇಳಲು ನನಗೆ ಮನಸ್ಸಿರಲಿಲ್ಲ, ಅಲ್ಲಿಂದ ಓಡಿದರೆ ಸಾಕಾಗಿತ್ತು. ಫಲಿತಾಂಶದ ಕಾಗದ ಕೊಡಲು ಎರಡನೆಯ ಪರೀಕ್ಷೆಯೂ ಆಗಬೇಕು. ಅದು ಆದಮೇಲೆ ಸೆಪ್ಟೆಂಬರಿನಲ್ಲಿ ಎಲ್ಲರ ಮನೆಗೂ ಒಟ್ಟಿಗೆ ಕಾಗದ ಹಂಚಿದರಾಯಿತು ಎಂದುಕೊಂಡೆ.

ಆ ಬೇಸಗೆ ಉತ್ತರಕ್ಕೆ ಹೋದೆ, ನಮ್ಮಂಥದೇ ಇನ್ನೊಂದು ಬುಡಕಟ್ಟಾದ ಲಕೋಟಾ ಜನರ ನಾಡಿಗೆ. ಅಲ್ಲೂ ಗಣಿ, ಅಲ್ಲೂ ಬಾವಿ, ಅಲ್ಲೂ ಇದೇ ಗೋಳು. ಅವರ ಸಭೆಯಲ್ಲಿ ಎದ್ದು ನಿಂತು, “ನಿಮ್ಮ ಈ ಬಾವಿಯ ನೀರು ವಿಷ, ನಾಳೆಯಿಂದ ಕುಡಿಯಬೇಡಿ,” ಎಂದು ಕೊಡಲಿಯಿಂದ ಹೊಡೆದ ಹಾಗೆ ಹೇಳಿದೆ. ಒಬ್ಬ ಮುದುಕ ಎದ್ದು ಬಂದು ಕೈಕುಲುಕಿ, “ಬೆಣ್ಣೆ ಹಚ್ಚದೆ ಹೇಳ್ದೆ, ಒಳ್ಳೇದಾಯ್ತು,” ಎಂದ. ನಾನು ಬೀಗಿದೆ. ಪರರ ಮುಂದೆ ನನ್ನ ನಾಲಿಗೆ ಎಷ್ಟು ನೆಟ್ಟಗಿತ್ತು!

ಊರಿಗೆ ಮರಳಿದ್ದು ಸೆಪ್ಟೆಂಬರ್ ಮೊದಲ ವಾರ. ಕಾಗದಗಳೆಲ್ಲ ಸಿದ್ಧವಾಗಿದ್ದವು. ಒಳ್ಳೆಯ ಸುದ್ದಿಯಿಂದ ಶುರು ಮಾಡೋಣವೆಂದು ಮೊದಲು ಅಟ್ಟಕಾಯ್ ಮನೆಗೆ ಹೋದೆ. ಹಾಸ್ಕೀ ತಾತ ನೆರಳುಚಪ್ಪರದ ಕೆಳಗೆ ಕುದುರೆಯ ಜೀನು ಹೊಲಿಯುತ್ತಾ ಕೂತಿದ್ದ. ಅವನು ನನ್ನ ಅಪ್ಪನ ಕುಲದವನು, ನನ್ನನ್ನು ಗೇಲಿ ಮಾಡುವ ಹಕ್ಕು ಅವನಿಗೆ ಹುಟ್ಟಿನಿಂದ ಬಂದಿದೆ.

“ಓಹೋ, ನೀರಮ್ಮನ ಸವಾರಿ! ಗಂಡು ಹುಡುಕ್ಕೊಂಡು ಉತ್ತರಕ್ಕೆ ಹೋಗಿದ್ಳು ಅಂತ ಕೇಳ್ದೆ. ಎಲ್ಲಿ, ಯಾರನ್ನೂ ತರಲಿಲ್ವಾ?”

“ನಿಮ್ಮಷ್ಟು ಚೆಲುವ ಯಾರೂ ಸಿಗ್ಲಿಲ್ಲ ತಾತ. ತಗೊಳ್ಳಿ, ಒಳ್ಳೆ ಸುದ್ದಿ ತಂದಿದೀನಿ. ನಿಮ್ಮ ನೀರು ಚೊಕ್ಕವಾಗಿದೆ. ಮಕ್ಕಳಿಗೆ ಧೈರ್ಯವಾಗಿ ಕೊಡಿ.”

“ಯಾವ ನೀರು?”

“ನಿಮ್ಮ ಗಾಳಿಯಂತ್ರದ್ದೇ.”

“ಅಯ್ಯೋ, ಅದನ್ನ ಬಿಟ್ಟು ಮೂರು ತಿಂಗಳ ಮೇಲಾಯ್ತಲ್ಲೇ! ಅದ್ರಲ್ಲಿ ಹಳದಿ ಮಣ್ಣು ಇಳಿದಿದೆ ಅಂತ ನಿನ್ನ ಚಿಕ್ಕಮ್ಮ ಬಂದು ಹೇಳಿದ್ಳು. ನೀನೇ ಹೇಳ್ದೆ ಅಂತಲ್ಲ? ಪುಣ್ಯಾತ್ಗಿತ್ತಿ, ವಾರಕ್ಕೆ ಎರಡು ಪೀಪಾಯಿ ಒರತೆ ನೀರು ತುಂಬಿಸಿ ಕಳಿಸ್ತಾಳೆ. ಎಂಥಾ ನೀರು ಮಾರಾಯ್ತಿ! ಕುಡಿದ್ರೆ ಇನ್ನೂ ಕುಡಿಯೋಣ ಅನ್ಸುತ್ತೆ.”

ಮನೆಯ ಗೋಡೆಗೆ ಒರಗಿಸಿ ನಾಲ್ಕು ನೀಲಿ ಪೀಪಾಯಿಗಳು ನಿಂತಿದ್ದವು. ಡೆಲೋರಾ ಅದರಲ್ಲೊಂದರ ನಲ್ಲಿ ತಿರುಗಿಸಿ, ಬಾಟಲಿಗೆ ನೀರು ಹಿಡಿದು, ಹಾಲಿನ ಪುಡಿ ಹಾಕಿ ಕುಲುಕುತ್ತಿದ್ದಳು. ಸೊಂಟದ ಮೇಲಿದ್ದ ಅವಳ ಮಗ ಬಾಟಲಿಗೆ ಕೈ ಚಾಚುತ್ತಿದ್ದ.

ಒಬ್ಬ ಅಜ್ಜಿ. ಮಕ್ಕಳು. ಒಂದು ಎಳೆ ಕೂಸು, ಬಾಟಲಿ ಹಾಲು. ತುಕ್ಕಿನ ವಾಸನೆಯ ನೀರು. ನಾನು ಹೇಳಿದ ಕಥೆಗೆ ಅಟ್ಟಕಾಯ್ ಮನೆ ಅಳತೆ ತೆಗೆದಂತೆ ಹೊಂದುತ್ತಿತ್ತು. ಕನ್ನಡಿಯಂಥ ಒರತೆಯಿಟ್ಟುಕೊಂಡವಳು ತನ್ನ ನೀರಿನ ಮೇಲೆ ಯಾಕೆ ಅನುಮಾನಪಟ್ಟಾಳು? ಹತ್ತಿರದಲ್ಲಿ ಅಂಥ ಮನೆ ಯಾವುದೆಂದು ಯೋಚಿಸಿದ್ದಾಳೆ, ಅಯ್ಯೋ ಪಾಪ ಎಂದಿದ್ದಾಳೆ, ತನ್ನಲ್ಲಿದ್ದದ್ದನ್ನು ಹಂಚಿದ್ದಾಳೆ. ಕೂಸಿನ ಕೈಯಿಂದ ಉಪ್ಪು ತಿಂದು ಎರಡು ದಿನವೂ ಆಗಿರಲಿಲ್ಲವಲ್ಲ. ಒಳ್ಳೆಯ ನೀರು ಕುಡಿಯುತ್ತಿದ್ದ ಮನೆಗೆ ಹದಿನೈದು ವಾರ ಕೆಟ್ಟ ನೀರು ಹೋಯಿತು, ನನ್ನ ಹೆಸರು ಹೇಳಿಕೊಂಡು.

ನಾನು ಡೆಲೋರಾಳ ಕೈಯಿಂದ ಬಾಟಲಿ ಕಿತ್ತುಕೊಂಡೆ. ಕೂಸು ಅಳಲು ಶುರುಮಾಡಿತು. “ಏನಾಯ್ತೇ ನಿನಗೆ?” ಎಂದು ತಾತ ಎದ್ದು ನಿಂತ. “ಇದನ್ನ ಕೊಡ್ಬೇಡ. ಗಾಳಿಯಂತ್ರದ್ದು ಕೊಡು, ಅದೇ ಒಳ್ಳೇದು. ಸಂಜೆ ಬಂದು ಎಲ್ಲಾ ಹೇಳ್ತೀನಿ,” ಎಂದಷ್ಟೇ ಹೇಳಿ ಗಾಡಿ ಹತ್ತಿದೆ. ಆರು ಮೈಲಿ ಹೇಗೆ ಓಡಿಸಿದೆನೋ ನನಗೇ ತಿಳಿಯದು.

ಚಿಕ್ಕಮ್ಮ ಮಗ್ಗದ ಮುಂದಿದ್ದಳು. ಶಾಂದೀನ್ ಕಂಬಳಿಯ ಮೇಲೆ ಕೂತು ಉಣ್ಣೆಯ ಉಂಡೆಯನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ನಕ್ಕಳು. ಅವಳಿಗೇನು ಗೊತ್ತು.

“ಬಾರೇ, ಬಾ. ಎಷ್ಟು ಸೊರಗಿದೀಯ! ಕೂತ್ಕೋ, ಕಾಫಿ ಕಾಸ್ತೀನಿ.”

“ಕಾಫಿ ಬೇಡ. ಚಿಕ್ಕಮ್ಮ, ಕೇಳಿಲ್ಲಿ. ಅಟ್ಟಕಾಯ್ ಮನೆ ನೀರು ಚೆನ್ನಾಗಿದೆ. ಕೆಟ್ಟಿರೋದು ನಿನ್ನದು. ನಿನ್ನ ಒರತೆ. ಈ ಮಗು ಕುಡಿಯೋ ನೀರು.”

“ಬಿಡ್ತು ಅನ್ನು!” ಎಂದು ಚಿಕ್ಕಮ್ಮ ಗದರಿದಳು. ಕೈಯಲ್ಲಿದ್ದ ನೇಯ್ಗೆಯ ಹಣಿಗೆ ಕೆಳಗೆ ಬಿತ್ತು. “ಕೂಸಿನ ಮುಂದೆ ಎಂಥ ಮಾತಾಡ್ತೀಯೇ! ಬಿಡ್ತು ಅನ್ನು ಮೊದ್ಲು!”

“ಅನ್ನಲ್ಲ. ಅವತ್ತು ನಾನು ಹೇಳಿದ ಅಜ್ಜಿ ನೀನೇ. ನಿನ್ನ ಬಗ್ಗೆನೇ ಹೇಳಿದ್ದು ಚಿಕ್ಕಮ್ಮ.”

ಚಿಕ್ಕಮ್ಮ ಮೊದಲು ಮೊಮ್ಮಗಳನ್ನು ನೋಡಿದಳು. ಆಮೇಲೆ ಬಾಗಿಲ ಪಕ್ಕದ ನೀರಿನ ಕೊಡಪಾನವನ್ನು ನೋಡಿದಳು. ಆಮೇಲೆ ಅಟ್ಟಕಾಯ್ ಮನೆಯ ದಿಕ್ಕಿಗೆ, ಗೋಡೆಯಾಚೆಗೆ ಕಾಣುವಂತೆ, ಬಹಳ ಹೊತ್ತು ನೋಡಿದಳು. ಅವಳ ತುಟಿ ಅಲುಗುತ್ತಿತ್ತು, ಎಷ್ಟು ಪೀಪಾಯಿ ಎಂದು ಎಣಿಸುತ್ತಿದ್ದಳೆಂದು ನನಗೆ ಅರ್ಥವಾಯಿತು.

“ನಿನಗೆ ಯಾವಾಗ ಗೊತ್ತಾಯ್ತು?”

“ಮೇ ತಿಂಗಳಲ್ಲಿ.”

“ಮೇ ಅಂದ್ರೆ? ಉಪ್ಪಿನೂಟಕ್ಕೆ ಮುಂಚೆನೋ ಆಮೇಲೋ?”

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. “ಮುಂಚೆ,” ಎಂದೆ. “ಎರಡು ದಿನ.”

ಚಿಕ್ಕಮ್ಮ ತಲೆಯಾಡಿಸಿದಳು. ಬೈಯುತ್ತಾಳೆಂದು ಕಾದೆ. ಚಿಕ್ಕಂದಿನಲ್ಲಿ ಕುರಿ ಕಳೆದುಕೊಂಡು ಬಂದಾಗ ಬೈದಂತೆ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

“ಅದಕ್ಕೇ ಅವತ್ತು ನೀನು ಕಾಫಿ ಕುಡಿಲಿಲ್ಲ,” ಎಂದಳು, ಮೆಲ್ಲಗೆ, ತನಗೆ ತಾನೇ ಹೇಳಿಕೊಂಡಂತೆ. “ಹೊಟ್ಟೆ ಸರಿಯಿಲ್ಲ ಅಂದೆ. ಡಬ್ಬಿ ಶರಬತ್ತು ಕುಡಿದೆ. ನಾನು ಸೊಪ್ಪಿನ ಚಹಾ ಕಾಸ್ಕೊಟ್ಟೆ, ಅದನ್ನ ಮರದ ಬುಡಕ್ಕೆ ಚೆಲ್ಲಿದೆ. ನಾನು ನೋಡ್ದೆ. ಕಹಿ ಅಂತ ಚೆಲ್ಲಿದ್ಳೇನೋ, ಹುಡುಗಿಗೆ ಮೊದ್ಲಿಂದ್ಲೂ ಕಹಿ ಆಗಲ್ಲ ಅಂದ್ಕೊಂಡೆ.”

“ಚಿಕ್ಕಮ್ಮ...”

“ನಲವತ್ತು ಜನ ಕುಡಿದ್ವಿ. ಈ ಕೂಸೂ ಕುಡೀತು. ನಿನಗೆ ಗೊತ್ತಿತ್ತು, ನೀನೊಬ್ಳು ಕುಡಿಲಿಲ್ಲ.”

ಅಷ್ಟೇ. ಅದಕ್ಕಿಂತ ಹೆಚ್ಚು ಅವಳು ಅವತ್ತೂ ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ನಾನು ನೆಲದ ಮೇಲೆ ಕುಸಿದು ಕೂತು ಅತ್ತೆ. ನಲವತ್ತೆರಡು ವರ್ಷದ ಹೆಂಗಸು, ಹೆಸರಿನ ಮುಂದೆ ಡಾಕ್ಟರ್, ಮೂಗು ಸುರಿಸಿಕೊಂಡು ಅತ್ತೆ. ಜಿಪುಣತನ ಬಾರದಿರಲೆಂದು ಮಾಡುವ ಹಬ್ಬದಲ್ಲಿ ನನ್ನಷ್ಟು ಜಿಪುಣಿ ಯಾರಿದ್ದರು? ಕುರಿ ಕೊಟ್ಟೆ, ಹಿಟ್ಟು ಕೊಟ್ಟೆ, ಉಪ್ಪು ಕೊಟ್ಟೆ. ಕೊಡಲೇಬೇಕಾದ ಒಂದು ಮಾತನ್ನು ಮಾತ್ರ ಬಚ್ಚಿಟ್ಟುಕೊಂಡೆ, ಅದರ ಲಾಭವನ್ನು ನಾನೊಬ್ಬಳೇ ಉಂಡೆ. ಸಂಪ್ರದಾಯಕ್ಕೆ ಅಂಜಿ ಸುಮ್ಮನಿದ್ದೆ ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸಂಪ್ರದಾಯ ಬಾಯಿ ಮುಚ್ಚು ಎಂದಿತ್ತು, ಸರಿ. ಚಹಾ ಚೆಲ್ಲು ಎಂದಿತ್ತೇ?

ಚಿಕ್ಕಮ್ಮ ಒಳಗೆ ಹೋಗಿ ಹಬ್ಬಕ್ಕೆ ಉಡುವ ಮಖಮಲ್ಲಿನ ರವಿಕೆ ತೊಟ್ಟು, ಅವಳಮ್ಮನ ಹಸಿರುನೀಲಿ ಕಲ್ಲಿನ ಸರ ಹಾಕಿಕೊಂಡು, ಕೂದಲನ್ನು ಬಿಗಿಯಾಗಿ ಕಟ್ಟಿಕೊಂಡು ಬಂದಳು. ಲೊರಿಂಡಾಳನ್ನು ಕರೆದು ಗಾಡಿ ತೆಗೆಯೆಂದಳು.

“ನಾನೂ ಬರ್ತೀನಿ ಚಿಕ್ಕಮ್ಮ. ತಪ್ಪು ನಂದು, ನಾನೇ ಹೇಳ್ತೀನಿ.”

“ಬೇಡ. ನೀರು ಕೊಟ್ಟವಳು ನಾನು. ನಾನೇ ಹೇಳ್ಬೇಕು.” ಬಾಗಿಲಲ್ಲಿ ನಿಂತು ತಿರುಗಿ, “ನೀನು ಕೂಸಿನ ಜೊತೆ ಇರು. ಗಾಡೀಲಿ ನಿನ್ನ ಪೇಟೆ ನೀರಿದ್ರೆ ಅದಕ್ಕೆ ಹಾಲು ಕಲಸಿಕೊಡು,” ಎಂದಳು.

ಅಲ್ಲಿ ಅವಳು ಏನು ಹೇಳಿದಳೆಂದು ಆಮೇಲೆ ಲೊರಿಂಡಾ ಹೇಳಿದಳು. ಅಟ್ಟಕಾಯ್ ಮನೆಯ ಬಾಗಿಲಲ್ಲಿ ನಿಂತು, ಒಳಗೆ ಕರೆದರೂ ಹೋಗದೆ, “ನಾನು ನಿಮ್ಮ ಮಗುವಿಗೆ ಕೆಟ್ಟ ನೀರು ಕೊಟ್ಟೆ,” ಎಂದಳಂತೆ. ಎಲ್ಲೋ ಯಾರೋ ಎನ್ನಲಿಲ್ಲ. ನಾನು, ನಿಮ್ಮ ಎಂದಳು. ಆ ಎರಡು ಮಾತು ಕೂಡಿಸುವುದಕ್ಕೆ ನನಗೆ ಹದಿನೈದು ವಾರ ಬೇಕಾಗಿತ್ತು, ಅವಳಿಗೆ ಅರ್ಧ ಗಂಟೆ. ನನ್ನ ಹೆಸರನ್ನು ಅವಳು ಎತ್ತಲೇ ಇಲ್ಲವಂತೆ. ಡೆಲೋರಾ ಮಗುವನ್ನೆತ್ತಿಕೊಂಡು ಒಳಗೆ ಹೋದಳಂತೆ, ಹಾಸ್ಕೀ ತಾತ ಒಂದೊಂದೇ ಪೀಪಾಯಿಯನ್ನು ಬಗ್ಗಿಸಿ ಮರಳಿಗೆ ಸುರಿದನಂತೆ. ಸಂಜೆ ನಾನೂ ಹೋಗಿ ಎಲ್ಲ ಹೇಳಿದೆ. ಅವತ್ತು ತಾತ ಗೇಲಿ ಮಾಡಲಿಲ್ಲ. ಅದಾದ ಮೇಲೆ ಯಾವತ್ತೂ ಮಾಡಿಲ್ಲ.

ಇದಾಗಿ ಆರು ವರ್ಷ. ಶಾಂದೀನಳಿಗೂ ಅಟ್ಟಕಾಯ್ ಮನೆಯ ಹುಡುಗನಿಗೂ ವರ್ಷಕ್ಕೊಮ್ಮೆ ಮೂತ್ರದ ಪರೀಕ್ಷೆ ಆಗುತ್ತದೆ. ಡಾಕ್ಟರು “ಸದ್ಯಕ್ಕೆ ಏನೂ ಕಾಣ್ತಿಲ್ಲ,” ಎನ್ನುತ್ತಾರೆ. ‘ಸದ್ಯಕ್ಕೆ’ ಎನ್ನುವುದನ್ನು ಅವರು ಯಾವ ವರ್ಷವೂ ಮರೆಯುವುದಿಲ್ಲ. ಹದಿನೈದು ವಾರದ ನೀರಿನಿಂದ ಏನೂ ಆಗದೆಯೂ ಇರಬಹುದು. ಅಷ್ಟು ಲೆಕ್ಕ ನಾನೂ ಹಾಕಬಲ್ಲೆ, ಸಾವಿರ ಸಲ ಹಾಕಿದ್ದೇನೆ. ಒರತೆಗೆ ಈಗ ಬೇಲಿಯಿದೆ, ಬೇಲಿಗೆ ನಾನೇ ಬರೆದ ಹಲಗೆಯಿದೆ. ಚಿಕ್ಕಮ್ಮ ಇವತ್ತಿಗೂ ಬೆಳಗಾಗುತ್ತಲೇ ಬೇಲಿಯ ಹತ್ತಿರ ಹೋಗಿ ಪರಾಗ ಹಾಕಿ ಬರುತ್ತಾಳೆ. “ಅದೇನು ಮಾಡುತ್ತೆ ಪಾಪ, ಅದರ ತಪ್ಪೇನಿದೆ,” ಎನ್ನುತ್ತಾಳೆ. ಆ ಮಾತಿನಲ್ಲಿ ನನಗೇನಾದರೂ ಪಾಲಿದೆಯೇ ಎಂದು ಕೇಳುವ ಧೈರ್ಯ ಬಂದಿಲ್ಲ.

ಕಳೆದ ಭಾನುವಾರ ಹೋಗಿದ್ದೆ. ಶಾಂದೀನ್ ನಾನು ಕೊಟ್ಟ ನಾಲ್ಕೈದು ಮಿಠಾಯಿಗಳನ್ನು ಎಣಿಸಿ, ಅಮ್ಮನಿಗೊಂದು, ಅಜ್ಜಿಗೊಂದು, ನಾಯಿಗೂ ಒಂದು ಹಂಚಿಬಿಟ್ಟಳು. ಸದ್ಯ, ನಗಿಸಿದವಳ ಗುಣ ಬರಲಿಲ್ಲ. ಆಮೇಲೆ ಎರಡು ಲೋಟ ಕಾಫಿ ತಂದಳು. ಒಂದನ್ನು ಚಿಕ್ಕಮ್ಮನ ಪಕ್ಕ ಇಟ್ಟಳು, ಇನ್ನೊಂದನ್ನು ನನ್ನ ಕೈಗೆ ಕೊಟ್ಟು ಎದುರಿಗೇ ನಿಂತಳು.

“ಕುಡಿ ದೊಡ್ಡಮ್ಮ. ಪೇಟೆ ನೀರೇ.”

“ಬಿಸಿ ಇದೆ ಕಣೇ. ಆರಲಿ.”

“ಇಲ್ಲ, ಈಗ್ಲೇ ಕುಡಿ.”

ಚಿಕ್ಕಮ್ಮ ಮಗ್ಗದಿಂದ ತಲೆಯೆತ್ತಲಿಲ್ಲ. ಅವಳ ಕಾಫಿ ಪಕ್ಕದಲ್ಲಿ ಹಾಗೇ ಇತ್ತು. ನಾನು ನಾಲಿಗೆ ಸುಟ್ಟುಕೊಂಡು ಒಂದು ಗುಟುಕು ಕುಡಿದೆ, ಇನ್ನೊಂದು ಕುಡಿದೆ. ಹುಡುಗಿ ನನ್ನ ಗಂಟಲನ್ನೇ ನೋಡುತ್ತಿದ್ದಳು. ಇಳಿದದ್ದು ಖಾತ್ರಿಯಾದ ಮೇಲೆ ಹಿಂದಕ್ಕೆ ತಿರುಗಿದಳು.

“ಅಜ್ಜೀ, ದೊಡ್ಡಮ್ಮ ಕುಡಿದ್ಳು.”

ಆಗ ಚಿಕ್ಕಮ್ಮ ಹಣಿಗೆ ಕೆಳಗಿಟ್ಟು ತನ್ನ ಲೋಟ ಎತ್ತಿಕೊಂಡಳು.